ಮೊದಲಕ್ಷರದ ಋಣ

ವಿದ್ಯಾಸಂಸ್ಥೆಯ ಸಂಸ್ಮರಣ ಸಂಚಿಕೆಯಲ್ಲಿ ದಾನಿಗಳ ನಾಮಾವಳಿ ಅಚ್ಚಾಗುವುದು ಸಂಪ್ರದಾಯ. ಅದು ಉಚಿತವೂ ಹೌದು. ಆದರೆ ಆ ನಾಮಾವಳಿಯಲ್ಲಿ ಎಂದೂ ಕಾಣಿಸಿಕೊಳ್ಳದ ಒಂದು ವರ್ಗವುಂಟು. ಶ್ರೀಮಠದ ಪ್ರೌಢಶಾಲೆಗೆ ಎಂಟನೆಯ ತರಗತಿಗೆ ಬಂದು ಸೇರುವ ಮಕ್ಕಳಲ್ಲಿ ಅನೇಕರು ಸುತ್ತಲಿನ ಗ್ರಾಮಗಳ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಓದಿದವರು. ಅವರ ಕೈಹಿಡಿದು ಮೊದಲಕ್ಷರವನ್ನು ತಿದ್ದಿಸಿದವರು ಅಲ್ಲಿಯ ಶಿಕ್ಷಕರು. ಫಲವನ್ನು ಕಂಡು ಕೊಂಬೆಯನ್ನು ಕೊಂಡಾಡುವ ಲೋಕವು ಬೇರನ್ನು ಮರೆಯುವುದು ಸಹಜ. ಸಹಜವಾದುದೆಲ್ಲವೂ ಸಾಧುವಲ್ಲ.

ಈ ನಾಡಿನಲ್ಲಿ ಸರ್ಕಾರದ ಶಾಲೆಗಳೂ ಸಮಾಜವು ಕಟ್ಟಿದ ಶಾಲೆಗಳೂ ಪರಸ್ಪರ ಎದುರಾಳಿಗಳಾಗಿ ಬೆಳೆದವಲ್ಲ. ಮರಾಠಿಯ ಪ್ರಾಬಲ್ಯವಿದ್ದ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಕನ್ನಡ ಶಾಲೆಗಳು ನೆಲೆಗೊಳ್ಳುವಂತೆ ದುಡಿದ ಡೆಪ್ಯೂಟಿ ಚನ್ನಬಸಪ್ಪನವರು (1834–1881) ಸರ್ಕಾರದ ಶಿಕ್ಷಣಾಧಿಕಾರಿಗಳಾಗಿದ್ದವರು. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯು ಉದಯಿಸಿದ್ದು ಅವರ ಕಾಲದ ಅನಂತರ, 1916ರಲ್ಲಿ. ಇತ್ತ ಸರ್ಕಾರವೂ ತನ್ನ ಮಧ್ಯಾಹ್ನದ ಬಿಸಿಯೂಟಕ್ಕೆ ಹೆಸರನ್ನರಸಿದಾಗ ಶರಣಪರಂಪರೆಯ ಕಡೆಗೇ ನೋಡಿ ‘ಅಕ್ಷರ ದಾಸೋಹ’ವೆಂದು ಕರೆಯಿತು. ಕೊಡುಕೊಳ್ಳುವಿಕೆ ಉಭಯತರದ್ದು.

ಸರ್ಕಾರಿ ಶಾಲೆಯ ಶಿಕ್ಷಕನಿಗೆ ದೊರೆಯುವ ಸಾರ್ಥಕತೆ ಅನ್ಯತ್ರ ದುರ್ಲಭವಾದುದು. ಅಲ್ಲಿ ಪ್ರವೇಶಪರೀಕ್ಷೆಯಿಲ್ಲ, ಆಯ್ಕೆಯಿಲ್ಲ. ಬಾಗಿಲಿಗೆ ಬಂದ ಮಗುವೇ ವಿದ್ಯಾರ್ಥಿ. ಹೆಬ್ಬೆಟ್ಟನ್ನೊತ್ತುವ ತಾಯಿಯ ಮಗಳು ಒಂದು ದಿನ ಮನೆಗೆ ಬಂದ ಪಿಂಚಣಿ ಕಾಗದವನ್ನು ತಾನೇ ಓದಿ ಹೇಳುತ್ತಾಳೆ. ಆ ಮನೆಯಲ್ಲಿ ತಲೆಮಾರುಗಳಿಂದ ಇಲ್ಲದಿದ್ದ ಬೆಳಕು ಅಂದು ಬಂದಿತು. ಅದನ್ನು ಹೊತ್ತಿಸಿದವರಿಗೆ ಬಹುಮಾನವಾಗಲಿ ಫಲಕವಾಗಲಿ ಇಲ್ಲ. ವರ್ಷಗಳು ಕಳೆದ ಮೇಲೆ ಸಂತೆಯಲ್ಲಿ ಯಾರೋ ನಿಂತು “ಸಾರ್, ನಮಸ್ಕಾರ” ಎಂದರೆ ಅದೇ ಸನ್ಮಾನ.

ಈ ಸಾರ್ಥಕತೆಯ ಮೇಲೆ ಕವಿದಿರುವ ಹೊರೆಯೂ ಅಲ್ಪವಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಕಿರಿಯ ಪ್ರಾಥಮಿಕ ಹಂತದಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಲೆಕ್ಕಕ್ಕೆ ಇದು ಸರಿ. ಆದರೆ 25 ಮಕ್ಕಳಿರುವ ಹಳ್ಳಿಯ ಶಾಲೆಯಲ್ಲಿ ತರಗತಿಗಳು ಐದು. ಇಬ್ಬರಲ್ಲಿ ಒಬ್ಬರು ತರಬೇತಿಗೋ ಸಭೆಗೋ ತೆರಳಿದ ದಿನ ಉಳಿದವರು ಐದು ತರಗತಿಗಳಿಗೂ ಒಬ್ಬರೇ. ಬಿಸಿಯೂಟದ ಅಕ್ಕಿಬೇಳೆಯ ಲೆಕ್ಕ, ಹಾಲಿನ ಲೆಕ್ಕ, ಮೊಟ್ಟೆಯ ಲೆಕ್ಕ, ಗಣಕಯಂತ್ರಕ್ಕೆ ತುಂಬಬೇಕಾದ ಅಂಕಿಅಂಶ, ಇವೆಲ್ಲಕ್ಕೂ ಅಲ್ಲಿ ಬೇರೆ ಗುಮಾಸ್ತನಿಲ್ಲ. ಅದೇ ಕಾಯಿದೆಯ 27ನೆಯ ಪ್ರಕರಣವು ಹತ್ತು ವರ್ಷಗಳ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಗಳನ್ನುಳಿದು ಶಿಕ್ಷಕರನ್ನು ಶಿಕ್ಷಣೇತರ ಕಾರ್ಯಕ್ಕೆ ನಿಯೋಜಿಸಬಾರದೆನ್ನುತ್ತದೆ. ಆದರೂ 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ಮನೆಮನೆಗೆ ತಿರುಗಿದವರಲ್ಲಿ ಶಿಕ್ಷಕರೇ ಪ್ರಧಾನರು. ಅದು ಮುಗಿಯಲೆಂದು ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಸಮೀಕ್ಷೆಯ ಅಗತ್ಯ ಬೇರೆಯ ಪ್ರಶ್ನೆ; ಆ ದಿನಗಳ ಪಾಠವನ್ನು ಕಳೆದುಕೊಂಡವರು ಮಾತ್ರ ಮಕ್ಕಳು.

ಇಂತಹ ಸಂದರ್ಭದಲ್ಲೆಲ್ಲ “ಗುರುವಿನದು ಕಾಯಕ, ಅದರಲ್ಲಿ ದೂರೇಕೆ?” ಎಂಬ ಮಾತು ವೇದಿಕೆಗಳಿಂದ ಕೇಳಿಬರುತ್ತದೆ. ಕಾಯಕವೆಂಬ ಪವಿತ್ರ ಶಬ್ದಕ್ಕೆ ಇದರಿಂದ ಅಪಚಾರವಾಗುತ್ತದೆ. ನುಲಿಯ ಚಂದಯ್ಯನವರ ಕಾಯಕ ಹಗ್ಗ ಹೊಸೆಯುವುದು. ಮಡಿವಾಳ ಮಾಚಯ್ಯನವರದು ಬಟ್ಟೆ ಒಗೆಯುವುದು. ಚಂದಯ್ಯನವರ ತಲೆಯ ಮೇಲೆ ಊರಿನ ಬಟ್ಟೆಯ ಗಂಟನ್ನೂ ಹೊರಿಸಿ, ಅದನ್ನೂ ಕಾಯಕವೆಂದು ತಿಳಿಯಿರೆಂದು ಅನುಭವಮಂಟಪವು ಹೇಳಿತೆಂದು ಯಾರೂ ಕೇಳಿಲ್ಲ. ತನ್ನ ಕೆಲಸವನ್ನು ಮನವಿಟ್ಟು ಮಾಡುವುದು ಕಾಯಕ. ಅದನ್ನು ಮಾಡಗೊಡದಂತೆ ಇತರ ಕೆಲಸಗಳನ್ನು ಹೇರುವುದು ಬಿಟ್ಟಿ. ಇವೆರಡನ್ನೂ ಒಂದೇ ಹೆಸರಿನಿಂದ ಕರೆಯಲಾಗದು.

ಹಾಗೆಂದು ಶಿಕ್ಷಕವರ್ಗವೆಲ್ಲ ನಿರ್ದೋಷಿಯೆಂದಲ್ಲ. ಸಂಬಳದ ದಿನವನ್ನು ನೆನೆದು ಪಾಠದ ದಿನವನ್ನು ಮರೆಯುವವರೂ, ತಮ್ಮ ಮಕ್ಕಳನ್ನು ತಾವು ಕಲಿಸುವ ಶಾಲೆಯ ಹತ್ತಿರಕ್ಕೂ ತಾರದವರೂ ಇದ್ದಾರೆ. ತನ್ನ ಅಡಿಗೆಯನ್ನು ತಾನೇ ಉಣ್ಣದವನ ಮನೆಗೆ ಅತಿಥಿಗಳು ಬಾರರು. ಆದರೆ ಕೆಲವರ ಆಲಸ್ಯವನ್ನು ತೋರಿಸಿ ಹಲವರ ಶ್ರಮವನ್ನು ಅಳೆಯುವುದು ನ್ಯಾಯವಲ್ಲ.

ಶ್ರೀಮಠದ ಭಕ್ತರೂ ಹಳೆಯ ವಿದ್ಯಾರ್ಥಿಗಳೂ ಉದಾರಿಗಳು. ಕೊಠಡಿಗಳನ್ನು ಕಟ್ಟಿಸಿದ್ದಾರೆ, ಕಲ್ಲಿನಲ್ಲಿ ಹೆಸರು ಕೆತ್ತಿಸಿದ್ದಾರೆ. ಆ ಔದಾರ್ಯದ ಒಂದಂಶವು ಶಾಲೆಯ ಆವರಣವನ್ನು ದಾಟಿ ಹೋಗಬೇಕು. ಸರ್ಕಾರಿ ಶಾಲೆಗೆ ಇಂದು ಗೋಡೆಗಿಂತ ಮಿಗಿಲಾಗಿ ಬೇಕಾದುದು ಬಿಡುವು. ನೆರೆಯ ನಾಲ್ಕಾರು ಶಾಲೆಗಳ ಲೆಕ್ಕಪತ್ರವನ್ನು ನೋಡಿಕೊಳ್ಳಲು ಇಲಾಖೆಯ ಒಪ್ಪಿಗೆ ಪಡೆದು ಒಬ್ಬ ಗುಮಾಸ್ತನನ್ನು ನೇಮಿಸಿದರೆ, ಅದರ ವೆಚ್ಚ ಒಂದು ಕೊಠಡಿಯ ವೆಚ್ಚಕ್ಕಿಂತ ಹೆಚ್ಚಾಗದು; ಫಲವೋ ನೂರಾರು ಮಕ್ಕಳಿಗೆ ಮರಳಿ ದೊರೆತ ಪಾಠ. ನಿವೃತ್ತರಾದ ಅಧ್ಯಾಪಕರು ವಾರಕ್ಕೆರಡು ದಿನ ಅಲ್ಲಿಗೆ ಹೋಗಿ ಕುಳಿತರೂ ಅದು ದಾಸೋಹವೇ. ಈ ದಾನಕ್ಕೆ ಕಲ್ಲಿನಲ್ಲಿ ಹೆಸರು ಬಾರದು; ಎಂಟನೆಯ ತರಗತಿಗೆ ಬಂದು ತಡವರಿಸದೆ ಓದುವ ಮಗುವಿನ ನಾಲಗೆಯಲ್ಲಿ ಬರುವುದು. ಮೊದಲಕ್ಷರದ ಋಣವನ್ನು ತೀರಿಸುವ ಬುದ್ಧಿಯು ಸರ್ವರಲ್ಲಿಯೂ ಮೂಡಲಿ.