ಶಿಲಾಯುಧದ ಸಾಕ್ಷಿ

ಬಳ್ಳಾರಿಯ ಬಳಿಯ ಸಂಗನಕಲ್ಲಿನಲ್ಲಿ ಸುಮಾರು 3500 ವರ್ಷಗಳ ಹಿಂದೆ ಜನರು ಕರಿಯ ಡಾಲರೈಟ್ ಶಿಲೆಯನ್ನು ಒಡೆದು, ಉಜ್ಜಿ ಕೊಡಲಿಗಳನ್ನು ಮಾಡುತ್ತಿದ್ದರು. ಅಂತಹುದನ್ನು ಕುಶಲಿಯೊಬ್ಬನು ಇಂದೂ ಮಾಡಬಲ್ಲನು. ಹಾಗಾದರೆ ಅಸಲು ಯಾವುದು, ನಕಲು ಯಾವುದು?

ಹೊಸದಾಗಿ ಒಡೆದ ಮುಖವು ಒಳಗಲ್ಲಿನ ಕಪ್ಪನ್ನೇ ತೋರುವುದು; ಅಂಚು ಹರಿತವಾಗಿರುವುದು. ಹಳೆಯ ಕಲ್ಲಿನಲ್ಲಾದರೋ ಚಕ್ಕೆ ಎದ್ದ ಗಾಯಗಳ ಮೇಲೂ ಮಾಸಿದ ಪೊರೆ ಕಟ್ಟಿರುವುದು. ಆದರೆ ಬಣ್ಣವನ್ನು ಕೃತಕವಾಗಿಯೂ ತರಬಹುದು. ಆದುದರಿಂದ ದೊರೆತ ನೆಲೆಯೇ ಪರಮಸಾಕ್ಷಿ: ಮಣ್ಣಿನ ಪದರ, ಸುತ್ತಲಿನ ಚಕ್ಕೆಗಳು, ಬೂದಿ, ಮಡಕೆಯ ಚೂರು.

ಪ್ರವಾಸ ಹೋದ ವಿದ್ಯಾರ್ಥಿಯು ಅಸಲು ಕಲ್ಲನ್ನೇ ಜೇಬಿಗಿಳಿಸಿ ತಂದರೂ ಆ ಸಾಕ್ಷಿಯು ಅಲ್ಲಿಯೇ ಅಳಿಯಿತು; ಕೈಯಲ್ಲುಳಿದುದು ನಕಲಿನಷ್ಟೇ ಮೂಕವಾಯಿತು. ಮಿತ್ರರೇ, ಕಂಡ ಕಲ್ಲನ್ನು ಕಂಡಲ್ಲಿಯೇ ಬಿಟ್ಟು, ಸ್ಥಳವನ್ನು ಬರೆದುಕೊಂಡು ಗುರುಗಳಿಗೆ ತಿಳಿಸುವುದೇ ನಿಜವಾದ ಸಂಶೋಧನೆ.