ತೊಂಬತ್ತು ಎಂದರೆ ನೂರಲ್ಲ

ಗಣಕಯಂತ್ರದ ಆಟಗಳ ವಿಚಾರದಲ್ಲಿ ನಿವೃತ್ತ ಗಣಿತದ ಮೇಷ್ಟರಿಗೇನು ಕೆಲಸ ಎಂದು ನಿಮ್ಮಲ್ಲಿ ಕೆಲವರಾದರೂ ಹುಬ್ಬೇರಿಸುವಿರಿ. ಕೆಲಸವಿದೆ. ಮೂವತ್ತೊಂದು ವರ್ಷ ಕರಿಹಲಗೆಯ ಮುಂದೆ ನಿಂತು ಸಂಭವನೀಯತೆಯ ಪಾಠ ಹೇಳಿದವನು ನಾನು. ಇಂದು ಆ ಪಾಠವನ್ನು ಎಷ್ಟೋ ಮಕ್ಕಳು ಪುಸ್ತಕಕ್ಕಿಂತ ಹೆಚ್ಚಾಗಿ ಆಟದ ಪರದೆಯಿಂದ ಕಲಿಯುತ್ತಿದ್ದಾರೆ. ಅಲ್ಲಿ ಅದನ್ನು ತಪ್ಪಾಗಿ, ಅದೂ ತಿಳಿದೂ ತಿಳಿದೂ ತಪ್ಪಾಗಿ ಕಲಿಸಲಾಗುತ್ತಿದೆ ಎಂಬುದೇ ನನ್ನ ತಕರಾರು.

ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಮೊಮ್ಮಗ ರಜೆಗೆ ಬಂದಾಗಲೆಲ್ಲ ‘ಬಾಲ್ಡರ್ಸ್ ಗೇಟ್ 3’ ಎಂಬ ಆಟದಲ್ಲಿ ಮುಳುಗಿರುತ್ತಾನೆ. ಬೆಲ್ಜಿಯಂ ದೇಶದ ಲೇರಿಯನ್ ಸಂಸ್ಥೆ 2023ರಲ್ಲಿ ಹೊರತಂದ ಆಟವಿದು. ಇದರ ನಿಯಮಗಳ ಮೂಲ ಅಮೆರಿಕದಲ್ಲಿ 1974ರಲ್ಲಿ ಹುಟ್ಟಿದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ, ಮೇಜಿನ ಸುತ್ತ ಕುಳಿತು ಆಡುವ ಆಟದಲ್ಲಿದೆ. ಯೋಧರು, ಮಾಂತ್ರಿಕರು, ರಾಕ್ಷಸರು ಎಲ್ಲರೂ ತಮ್ಮ ತಮ್ಮ ಸರದಿ ಬಂದಾಗ ಮಾತ್ರ ಕತ್ತಿ ಬೀಸಬೇಕು. ಏಟು ತಗಲಿತೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಇಪ್ಪತ್ತು ಮುಖಗಳ ದಾಳ. ಬಿದ್ದ ಅಂಕಿಗೆ ಯೋಧನ ಬಲವನ್ನೂ ಆಯುಧದಲ್ಲಿ ಅವನಿಗಿರುವ ಪಳಗಿಕೆಯನ್ನೂ ಕೂಡಿಸುತ್ತಾರೆ. ಮೊತ್ತವು ಎದುರಾಳಿಯ ಕವಚದ ಅಂಕವನ್ನು ಮುಟ್ಟಿದರೆ ಏಟು ತಗಲಿದಂತೆ. ಕವಚದ ಅಂಕ 15, ಕೂಡಿಸುವ ಅಂಕ 5 ಎಂದಿಟ್ಟುಕೊಳ್ಳಿ. ದಾಳದಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕು. ಇಪ್ಪತ್ತರಲ್ಲಿ ಹನ್ನೊಂದು ಮುಖಗಳು ಅನುಕೂಲ, ಅಂದರೆ ಶೇಕಡಾ 55. ಎಷ್ಟು ನಿರ್ಮಲವಾದ ಲೆಕ್ಕ! ಹತ್ತನೆಯ ತರಗತಿಯಲ್ಲಿ ಇದನ್ನೇ ಇಟ್ಟುಕೊಂಡು ಒಂದು ವಾರ ಪಾಠ ಮಾಡಬಹುದಿತ್ತು.

ಮೊನ್ನೆ ಅವನ ಯೋಧ ಶೇಕಡಾ 65ರ ಏಟಿನಲ್ಲಿ ಸತತವಾಗಿ ಮೂರು ಬಾರಿ ಗುರಿ ತಪ್ಪಿದ. “ತಾತ, ಇದು ಬರೀ ಮೋಸದ ಆಟ” ಎಂದು ಸಿಡುಕಿದ. ಕಾಗದ ತೆಗೆದುಕೊಂಡು ಕೂರಿಸಿದೆ. ತಪ್ಪುವ ಸಂಭವ 0.35, ಮೂರು ಬಾರಿ ಗುಣಿಸಿದರೆ ಸುಮಾರು ಶೇಕಡಾ 4.3, ಎಂದರೆ ಇಪ್ಪತ್ಮೂರರಲ್ಲಿ ಒಂದು. ಒಂದು ಸಂಜೆಯಲ್ಲಿ ನೂರು ಏಟು ಬೀಸುವವನಿಗೆ ಇಂತಹ ಸರಣಿ ಎರಡು ಮೂರು ಸಲ ಎದುರಾಗುವುದೇ ಸಹಜ, ಬಾರದಿದ್ದರೆ ಅನುಮಾನಿಸಬೇಕು. ಅವನ ಗೆಳೆಯರು ಬೇರೆ ಕಾರಣ ಹೇಳಿದ್ದರಂತೆ: “ನೀನು ಕಾರ್ಮಿಕ್ ಡೈಸ್ ಆರಿಸಿದ್ದೀಯಲ್ಲ, ಅದಕ್ಕೇ ಹೀಗಾಯಿತು.”

ಕಾರ್ಮಿಕರ ದಾಳವಲ್ಲ, ಕರ್ಮದ ದಾಳ! ಸೋಲು ಸಾಲುಗಟ್ಟಿ ಬಾರದಂತೆ ದಾಳವನ್ನು ಒಳಗಿಂದೊಳಗೇ ತಿದ್ದುವ ಏರ್ಪಾಡಿಗೆ ಅವರು ಇಟ್ಟಿರುವ ಹೆಸರಿದು. ಆಟಗಾರ ತಾನಾಗಿ ಆರಿಸದ ಹೊರತು ಅದು ಚಾಲ್ತಿಯಲ್ಲಿಯೇ ಇರುತ್ತದೆ. ‘ಮಾಡಿದ್ದುಣ್ಣೋ ಮಹಾರಾಯ’ ಎಂದು ನಮ್ಮ ಹಿರಿಯರು ಯಾವುದನ್ನು ಕರ್ಮವೆಂದರೋ ಅದರ ಹೆಸರಿನಲ್ಲಿಯೇ ಉಣ್ಣದಂತೆ ಮಾಡುವ ಜಾಣತನವಿದು. ಆದರೂ ಲೇರಿಯನ್‌ನವರಿಗೆ ಒಂದು ಅಂಕ ಕೊಡುತ್ತೇನೆ: ತಿದ್ದುತ್ತೇವೆಂದು ಹೇಳಿ ತಿದ್ದುತ್ತಾರೆ, ಬೇಡವೆಂದರೆ ನಿಲ್ಲಿಸುತ್ತಾರೆ.

ಜಪಾನಿನ ‘ಫೈರ್ ಎಂಬ್ಲೆಮ್’ ಸರಣಿಯವರಿಗೆ ಆ ಅಂಕವೂ ಇಲ್ಲ. 2002ರಲ್ಲಿ ಬಂದ ‘ಬೈಂಡಿಂಗ್ ಬ್ಲೇಡ್’ ಆಟದಿಂದ ಅವರು ಒಂದು ಉಪಾಯ ಹೂಡಿದರು. 0ಯಿಂದ 99ರವರೆಗಿನ ಒಂದು ಸಂಖ್ಯೆಯನ್ನು ಎತ್ತುವ ಬದಲು ಎರಡನ್ನು ಎತ್ತಿ, ಅವುಗಳ ಸರಾಸರಿಯನ್ನು ಪರದೆಯ ಅಂಕಿಯೊಡನೆ ಹೋಲಿಸಿದರು. ಎರಡರ ಸರಾಸರಿ ನಡುವಿನಲ್ಲಿಯೇ ಗುಂಪುಗೂಡುತ್ತದೆ ಎಂಬುದು ನಿಮಗೆ ಗೊತ್ತು. ಎರಡು ದಾಳ ಎಸೆದರೆ 12ಕ್ಕಿಂತ 7 ಹೆಚ್ಚು ಬಾರಿ ಬೀಳುವುದಿಲ್ಲವೇ, ಹಾಗೆ. ಪರಿಣಾಮವೇನು? ಪರದೆಯಲ್ಲಿ 90 ಎಂದಿದ್ದರೆ ನಿಜದಲ್ಲಿ 98.1. 70 ಎಂದಿದ್ದರೆ 82.3. 10 ಎಂದಿದ್ದರೆ ಕೇವಲ 2.1. ಆಟಗಾರನ ಕಣ್ಣಿಗೆ ಒಂದು ಅಂಕಿ, ಯಂತ್ರದ ಹೊಟ್ಟೆಯಲ್ಲಿ ಇನ್ನೊಂದು. ಇಂತಹ ತಕ್ಕಡಿ ಇಟ್ಟುಕೊಂಡ ದಿನಸಿ ಅಂಗಡಿಯವನನ್ನು ನಾವು ಏನೆನ್ನುತ್ತೇವೆ?

ಇದಕ್ಕೆ ಸಮರ್ಥನೆ ಇಲ್ಲದಿಲ್ಲ. ‘ಸಿವಿಲೈಸೇಷನ್’ ಆಟದ ಖ್ಯಾತಿಯ ಸಿಡ್ ಮೈಯರ್ 2010ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಟ ರೂಪಿಸುವವರ ಸಮ್ಮೇಳನದಲ್ಲಿ ಮಾತನಾಡುತ್ತ ತಮ್ಮ ಅನುಭವ ಹೇಳಿದ್ದರು. ಮೂರಕ್ಕೆ ಒಂದರ ಬಲಾಬಲದಲ್ಲಿ ಬಲಿಷ್ಠರ ಕಡೆಯಿದ್ದು ಸೋತವರು ಅನ್ಯಾಯವೆಂದು ಗೋಳಾಡುತ್ತಾರೆ. ಅದೇ ಜನ ದುರ್ಬಲರ ಕಡೆಯಿದ್ದು ಗೆದ್ದರೆ ಚಕಾರವೆತ್ತುವುದಿಲ್ಲ. ಆದ್ದರಿಂದ ಆಟವನ್ನೇ ಆಟಗಾರರ ಮನಸ್ಸಿಗೆ ಒಗ್ಗಿಸಿದರಂತೆ. ಮನುಷ್ಯಸ್ವಭಾವದ ಬಗ್ಗೆ ಮೈಯರ್ ಅವರ ಗ್ರಹಿಕೆಯನ್ನು ಒಪ್ಪುತ್ತೇನೆ, ಚಿಕಿತ್ಸೆಯನ್ನು ಒಪ್ಪಲಾರೆ. ಹುಡುಗರು ಏಳೆಂಟ್ಲ ಐವತ್ತನಾಲ್ಕು ಎಂದು ಹಟ ಹಿಡಿದರೆ ಮಗ್ಗಿಯನ್ನು ತಿದ್ದುತ್ತೇವೆಯೇ?

‘ಆಟವಷ್ಟೇ, ಬಿಡಿ ಮೇಷ್ಟ್ರೇ’ ಎನ್ನುವವರಿಗೆ ಒಂದು ಮಾತು. ನಮ್ಮ ಬಂಧುವರ್ಗದಲ್ಲಿಯೇ ಒಬ್ಬ ಹಿರಿಯರಿಗೆ ಶಸ್ತ್ರಚಿಕಿತ್ಸೆಯಾಗಬೇಕಿತ್ತು. ಹತ್ತರಲ್ಲಿ ಒಂಬತ್ತು ಮಂದಿ ಗುಣವಾಗುತ್ತಾರೆ, ಮಾಡಿಸದಿದ್ದರೆ ಬಹಳ ಕಷ್ಟ ಎಂದು ವೈದ್ಯರು ಬಿಡಿಸಿ ಹೇಳಿದ್ದರು. ಮಗ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ. ಆ ಹತ್ತನೆಯದು ನಮ್ಮ ಬಾಗಿಲಿಗೆ ಬಂತು. ಅಂದಿನಿಂದ ಇಂದಿನವರೆಗೆ ‘ನೀನು ಸಹಿ ಹಾಕಿದ್ದರಿಂದಲೇ’ ಎಂದು ಅವನನ್ನು ಚುಚ್ಚುವವರಿದ್ದಾರೆ. ಅವರಲ್ಲಿ ಕೆಲವರು ಇದನ್ನು ಓದುತ್ತಿದ್ದೀರಿ, ಬಲ್ಲೆ. ಅವನು ಹಾಕಿದ ಸಹಿ ಸರಿಯಾಗಿತ್ತು. ಅಂದು ತಿಳಿದಿದ್ದಷ್ಟನ್ನು ಮುಂದಿಟ್ಟರೆ ನಾಳೆಯೂ ಅದೇ ಸರಿ. ಫಲ ಕೆಟ್ಟಿತೆಂದರೆ ತೀರ್ಮಾನ ಕೆಟ್ಟಿತೆಂದಲ್ಲ. ತೊಂಬತ್ತನ್ನು ತೊಂಬತ್ತೆಂಟು ಮಾಡಿ ತಿನ್ನಿಸಿದ ಪರದೆಯ ಮುಂದೆ ಬೆಳೆದವರಿಗೆ ಇದನ್ನು ಹೇಗೆ ಅರ್ಥಮಾಡಿಸುವುದು?

ಹಾಗಾದರೆ ಏಟು ಹೆಚ್ಚು ಬಾರಿ ತಗಲಬೇಕಾದರೆ ಏನು ಮಾಡಬೇಕು? ದಾಳವನ್ನಲ್ಲ, ಕಳವನ್ನು ಬದಲಾಯಿಸಬೇಕು. ಬಾಲ್ಡರ್ಸ್ ಗೇಟಿನಲ್ಲಿ ಅದಕ್ಕೆ ದಾರಿಗಳು ಧಾರಾಳವಾಗಿವೆ. ಬಿಲ್ಲುಗಾರ ಎತ್ತರದ ಜಾಗ ಹಿಡಿದರೆ 2 ಅಂಕ ಸೇರುತ್ತದೆ, ತಗ್ಗಿನಿಂದ ಮೇಲಕ್ಕೆ ಬಾಣ ಬಿಟ್ಟರೆ 2 ಕಳೆಯುತ್ತದೆ. ಪಳಗದ ಆಯುಧ ಹಿಡಿಸಿದರೆ ಪಳಗಿಕೆಯ ಅಂಕವೇ ಸಿಗದು. ನಮ್ಮ ಹುಡುಗ ಮೊದಮೊದಲು ಹೊಳೆಯುವ ಕತ್ತಿಯನ್ನೆಲ್ಲ ಮಾಂತ್ರಿಕನ ಕೈಗೆ ಕೊಟ್ಟು ಪೇಚಾಡುತ್ತಿದ್ದ. ‘ಬ್ಲೆಸ್’ ಎಂಬ ಹರಕೆಯ ಮಂತ್ರ ಹಾಕಿದರೆ ಮೂವರಿಗೆ ನಾಲ್ಕು ಮುಖದ ಇನ್ನೊಂದು ದಾಳ ದೊರೆಯುತ್ತದೆ, ಸರಾಸರಿ 2.5 ಅಂಕ. ಆದರೆ ಹಾಕಿದವನ ಏಕಾಗ್ರತೆ ಕೆಟ್ಟರೆ ಮಂತ್ರವೂ ಹೋಯಿತು. ಆದ್ದರಿಂದ ಅವನನ್ನು ಹಿಂದೆ ನಿಲ್ಲಿಸಿ ಕಾಯಬೇಕು. ಕೆಡವಿದ ಶತ್ರುವನ್ನು ಹತ್ತಿರದಿಂದ ಹೊಡೆದರೆ, ಅಥವಾ ಅಡಗಿದ್ದು ಎರಗಿದರೆ ‘ಅಡ್ವಾಂಟೇಜ್’: ಎರಡು ದಾಳ ಎಸೆದು ದೊಡ್ಡದನ್ನು ಇಟ್ಟುಕೊಳ್ಳುವುದು. ಇಲ್ಲಿಯೂ ಎರಡು ದಾಳಗಳೇ, ಆದರೆ ಎಲ್ಲರ ಕಣ್ಣೆದುರಿಗೆ, ಎಲ್ಲರಿಗೂ ತಿಳಿದ ನಿಯಮದಂತೆ. ಮೇಲಿನ 55 ಆಗ 79.75 ಆಗುತ್ತದೆ.

ಜೂಜಿನಲ್ಲಿ ರಾಜ್ಯವನ್ನೇ ಕಳೆದುಕೊಂಡ ನಳ ಕಡೆಗೆ ಕಲಿತದ್ದು ಏನನ್ನು? ಋತುಪರ್ಣ ರಥದಲ್ಲಿ ಕುಳಿತೇ ತಾರೆಯ ಮರದ ಎಲೆ ಹಣ್ಣುಗಳ ಲೆಕ್ಕ ಹೇಳಿದ; ನಳ ರಥ ನಿಲ್ಲಿಸಿ ಎಣಿಸಿ ನೋಡಿ ಬೆರಗಾದ; ಅಕ್ಷಹೃದಯದ ಜೊತೆಗೇ ಬಂದ ವಿದ್ಯೆ ಆ ಎಣಿಕೆ. ಪುಷ್ಕರನೊಡನೆ ಮತ್ತೆ ಕೂತಾಗ ದಾಳ ತನ್ನ ಮೇಲೆ ಕನಿಕರ ತೋರಲೆಂದು ಅವನು ಕೇಳಿಕೊಳ್ಳಲಿಲ್ಲ.

ಒಂದು ಅಂಕ ಸೇರಿದರೆ ಶೇಕಡಾ 5 ಏರಿತು, ಎಲ್ಲ ಕಡೆಯೂ ಒಂದೇ ಎಂದು ಹುಡುಗರು ತಿಳಿದಿದ್ದಾರೆ. 50 ಇದ್ದದ್ದು 55 ಆದರೆ ತಗಲುವ ಏಟುಗಳು ಹತ್ತನೆಯ ಒಂದು ಪಾಲು ಹೆಚ್ಚಿದಂತೆ. 5 ಇದ್ದದ್ದು 10 ಆದರೆ ದುಪ್ಪಟ್ಟು! ಹಾಗೆಯೇ ಅಡ್ವಾಂಟೇಜ್ ಎಲ್ಲಕ್ಕಿಂತ ಮಿಗಿಲೆಂದು ಮೊಮ್ಮಗನ ವಾದ. ಶೇಕಡಾ 55 ಇರುವಲ್ಲಿ ಅದು ನಿಜ, ಬ್ಲೆಸ್ 67.5ಕ್ಕೆ ಒಯ್ದರೆ ಅಡ್ವಾಂಟೇಜ್ 79.75ಕ್ಕೆ ಒಯ್ಯುತ್ತದೆ. ಆದರೆ 20 ಬಿದ್ದರೆ ಮಾತ್ರ ತಗಲುವಂತಹ ವಜ್ರಕವಚದ ಎದುರು ಅಡ್ವಾಂಟೇಜ್ ಕೊಡುವುದು 9.75, ಬ್ಲೆಸ್ ಕೊಡುವುದು 17.5. ಹಾಗಿದ್ದರೆ ದಾಳದಲ್ಲಿ ಎಷ್ಟು ಬೀಳಬೇಕಾದಾಗ ಇವೆರಡೂ ಹೆಚ್ಚು ಕಡಿಮೆ ಸರಿಸಮ? ಹಳೆಯ ವಿದ್ಯಾರ್ಥಿಗಳು ಕ್ಯಾಲ್ಕುಲೇಟರ್ ಮುಟ್ಟದೆ ಬಿಡಿಸಿ, ಹಂತ ಹಂತವಾಗಿ ಬರೆದು ಕಳುಹಿಸತಕ್ಕದ್ದು. ಬರೀ ಉತ್ತರಕ್ಕೆ ಅಂಕವಿಲ್ಲ.