ಆಂಟಿಯ ಮೀಟರ್ ಮತ್ತು ನನ್ನ ವೋಲ್ಟೇಜ್ ಡಿವೈಡರ್

ದೊಮ್ಮಲೂರಿನಲ್ಲಿ ನಾನಿರೋ ಬಾಡಿಗೆ ಮನೆಯ ಓನರ್ ಆಂಟಿಗೆ ಒಂದೇ ಅನುಮಾನ: "ಮೀಟರ್ ಜೋರಾಗಿ ಓಡ್ತಿದೆ ಕಣಪ್ಪ." ಇಂಜಿನಿಯರಿಂಗ್ ಓದಿದ ತಪ್ಪಿಗೆ ಪರೀಕ್ಷೆ ಮಾಡೋ ಕೆಲಸ ನನ್ನ ತಲೆಗೆ ಬಂತು.

ಎಸ್.ಪಿ. ರೋಡಿನಿಂದ ಸಾಮಾನು ತಂದು ಒಂದು ಅಳತೆ ಯಂತ್ರ ಮಾಡಿದೆ. 230 ವೋಲ್ಟನ್ನು ನೇರವಾಗಿ ಚಿಪ್‌ಗೆ ಕೊಡೋ ಹಾಗಿಲ್ಲ. ಒಟ್ಟು 10 ಲಕ್ಷ ಓಮ್ ಆಗುವಷ್ಟು ರೆಸಿಸ್ಟರ್‌ಗಳ ಸಾಲು, ಅದರ ತುದಿಗೆ 1000 ಓಮಿನದ್ದೊಂದು. ಆ ಚಿಕ್ಕದರ ಮೇಲೆ ಸಿಗೋದು ಸುಮಾರು 0.23 ವೋಲ್ಟ್. ಇದೇ ವೋಲ್ಟೇಜ್ ಡಿವೈಡರ್. (ಅನುಭವ ಇಲ್ಲದವರು ಮನೆ ಕರೆಂಟಿನಲ್ಲಿ ದಯವಿಟ್ಟು ಮಾಡಬೇಡಿ!) ಗದ್ದಲ ಸೋಸೋಕೆ ಅಲ್ಲೇ 33 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿದೆ. ಸಣ್ಣಪುಟ್ಟ ತಪ್ಪನ್ನು ಪ್ರೋಗ್ರಾಮಿನಲ್ಲಿ ಒಂದು ಸಂಖ್ಯೆಯಿಂದ ಗುಣಿಸಿ ಸರಿ ಮಾಡಿದೆ. ಸಾಫ್ಟ್‌ವೇರ್ ಬುದ್ಧಿ ನೋಡಿ...

ಗೀಸರ್ ಹಾಕಿದಾಗ ಮೀಟರೂ ನನ್ನ ಯಂತ್ರವೂ ಒಂದೇ ಲೆಕ್ಕ. ಸಂಪಿನ ಮೋಟರ್ ಹಾಕಿದರೆ ನನ್ನದು ಹತ್ತಿರ ಹತ್ತಿರ ಶೇ. 2 ಹೆಚ್ಚು. "ಆಂಟಿ, ಮೀಟರ್ ನಿಧಾನ ಇದೆ" ಅಂದೆ. "ಹಂಗಾದ್ರೆ ಯಾರಿಗೂ ಹೇಳ್ಬೇಡ" ಅಂದ್ರು!

ತಪ್ಪು ನನ್ನದೇ. ಆ ಕೆಪಾಸಿಟರ್ ವೋಲ್ಟೇಜ್ ಅಲೆಯನ್ನು ಸುಮಾರು 0.6 ಡಿಗ್ರಿ ತಡ ಮಾಡ್ತಿತ್ತು. ಕರೆಂಟ್ ಅಳೆಯೋ ಕಡೆ ನಾನು ಅಂಥದ್ದು ಹಾಕಿರಲಿಲ್ಲ. ಗೀಸರಿನಲ್ಲಿ ಎರಡೂ ಅಲೆ ಜೊತೆಗೇ ಏರಿಳಿಯುತ್ತವೆ, ಇಷ್ಟು ತಡ ಲೆಕ್ಕಕ್ಕೇ ಬರಲ್ಲ. ಮೋಟರಿನಲ್ಲಿ ಕರೆಂಟ್ ಹಿಂದೆ ಬೀಳುತ್ತೆ. ಪವರ್ ಫ್ಯಾಕ್ಟರ್ 0.5 ಇದ್ದರೆ ಅದೇ 0.6 ಡಿಗ್ರಿ ಶೇ. 1.8ರಷ್ಟು ತಪ್ಪಾಗುತ್ತೆ. ಗುಣಿಸೋ ಸಂಖ್ಯೆ ಬದಲಿಸಿ ಮೋಟರ್ ಸರಿ ಮಾಡಿದರೆ ಗೀಸರ್ ಕೆಡುತ್ತೆ! ಕೊನೆಗೆ ಕರೆಂಟ್ ಕಡೆಗೂ ಅಂಥದ್ದೇ ಸೋಸುಕ ಹಾಕಿದೆ, ಎರಡೂ ಸರಿಹೋಯ್ತು.

ಎಸಿ ಡಿವೈಡರ್ ಅಂದ್ರೆ ಎಷ್ಟು ಪಾಲು ಅನ್ನೋದಷ್ಟೇ ಅಲ್ಲ, ಯಾವಾಗ ಅನ್ನೋದೂ ಸರಿ ಇರಬೇಕು. ಮನೆ ಮೀಟರಿನ ಒಳಗೂ ಇಂಥದ್ದೇ ಒಂದು ಕೂತಿರುತ್ತೆ. ಕ್ಲಾಸ್ 1 ಮೀಟರಿಗೆ ಸಾಮಾನ್ಯ ಲೋಡಿನಲ್ಲಿ ಇರೋ ಸಡಿಲ ಬರೀ ಶೇ. 1. 2025ರ ಫೆಬ್ರವರಿಯಲ್ಲಿ ಬೆಸ್ಕಾಂ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿದಾಗ ಎಲ್ಲರೂ ಮಾತಾಡಿದ್ದು ಬೆಲೆ ಬಗ್ಗೆ. ಅಳತೆ ಬಗ್ಗೆ ಕೇಳಿದವರು ಕಮ್ಮಿ.

ನನ್ನ ಅಭಿಪ್ರಾಯ ಇಷ್ಟೇ. ಯಾರಾದರೂ ಮೀಟರ್ ಮೇಲೆ ದೂರು ಕೊಟ್ಟರೆ ಬಲ್ಬು, ಹೀಟರ್ ಹಾಕಿ ನೋಡಿದರೆ ಸಾಲದು. ಪವರ್ ಫ್ಯಾಕ್ಟರ್ 1 ಮತ್ತು 0.5, ಎರಡರಲ್ಲೂ ಬಂದ ತಪ್ಪನ್ನು ಕನ್ನಡದಲ್ಲಿ ಬರೆದು ಗ್ರಾಹಕರ ಕೈಗೆ ಕೊಡಬೇಕು. ಆಗ ಆಂಟಿ ಅನುಮಾನಾನೂ ಹೋಗುತ್ತೆ, ನನ್ನ ಭಾನುವಾರಾನೂ ಉಳಿಯುತ್ತೆ.

ನೀವೇನಂತೀರಿ?